ಗೋಡೆ ಬಿದ್ದಾಗ ಕುಣಿದ ಜನಾನೇ ಈಗ ಯಾಕೆ ಇಷ್ಟು ಸಿಟ್ಟಲ್ಲಿದ್ದಾರೆ?

ಶರಾವತಿ ತೀರ:

2024ರ ಸೆಪ್ಟೆಂಬರ್ 1ಕ್ಕೆ ಜರ್ಮನಿಯ ತುರಿಂಗಿಯಾ ರಾಜ್ಯದಲ್ಲಿ ಎಎಫ್‌ಡಿ ಪಕ್ಷ 32.8% ವೋಟ್ ತಗೊಂಡು ಮೊದಲ ಸ್ಥಾನಕ್ಕೆ ಬಂತು, ಎರಡನೇ ಮಹಾಯುದ್ಧ ಆದ್ಮೇಲೆ ಆ ದೇಶದ ಒಂದು ರಾಜ್ಯದಲ್ಲಿ ಕಟ್ಟಾ ಬಲಪಂಥದ ಪಕ್ಷ ಎಲ್ಲರಿಗಿಂತ ಮುಂದೆ ಬಂದಿದ್ದು ಅದೇ ಮೊದಲು. ಅದೇ ದಿನ ಪಕ್ಕದ ಸ್ಯಾಕ್ಸನಿಲಿ 30.6%. ಎರಡೂ ಹಳೇ ಪೂರ್ವ ಜರ್ಮನಿ, ಅಂದ್ರೆ 1989ರಲ್ಲಿ ಬೀದಿಗಿಳಿದು ಕಮ್ಯುನಿಸ್ಟ್ ಸರ್ಕಾರನ ಮನೆಗೆ ಕಳಿಸಿದ ಊರುಗಳೇ. ಈ ವಿಷಯ ಬಂದಾಗೆಲ್ಲ ನಮ್ಮಲ್ಲಿ ಎರಡು ಥರ ಮಾತು ಕೇಳ್ತೀನಿ, ಆ ಜನಕ್ಕೆ ನಲವತ್ತು ವರ್ಷ ಸರ್ವಾಧಿಕಾರ ರೂಢಿಯಾಗಿ ಪ್ರಜಾಪ್ರಭುತ್ವ ತಲೆಗೆ ಹತ್ತಲ್ಲ ಅನ್ನೋದು ಒಂದು, ಕಮ್ಯುನಿಸಂ ಇದ್ದಾಗಲೇ ಚೆನ್ನಾಗಿತ್ತು ಅದಕ್ಕೇ ಕೊರಗ್ತಿದ್ದಾರೆ ಅನ್ನೋದು ಇನ್ನೊಂದು. ಎರಡನ್ನೂ ನಾನು ಒಪ್ಪಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಒಪ್ಪದೇ ಇರೋರು ದಯವಿಟ್ಟು ವಾದ ಮಾಡಿ.

1989 ಅಕ್ಟೋಬರ್ 9, ಲೈಪ್‌ಜಿಗ್. ನಿಕೊಲಾಯ್ ಚರ್ಚಲ್ಲಿ ಸೋಮವಾರದ ಪ್ರಾರ್ಥನೆ ಮುಗೀತಿದ್ದ ಹಾಗೆ ಸುಮಾರು 70 ಸಾವಿರ ಜನ ರಿಂಗ್ ರೋಡಿಗೆ ಬಂದ್ರು. ನಾಲ್ಕು ತಿಂಗಳ ಹಿಂದಷ್ಟೇ ಬೀಜಿಂಗಲ್ಲಿ ಸರ್ಕಾರ ಪ್ರತಿಭಟನೆ ಮಾಡಿದವರ ಮೇಲೆ ಗುಂಡು ಹಾರಿಸಿತ್ತು ಅಂತ ಅಷ್ಟೂ ಜನಕ್ಕೆ ಗೊತ್ತಿತ್ತು, ಆಸ್ಪತ್ರೆಗಳಲ್ಲಿ ರಕ್ತ ತಂದಿಟ್ಟಿದ್ದಾರಂತೆ ಅನ್ನೋ ಸುದ್ದಿ ಊರೆಲ್ಲಾ ಹಬ್ಬಿತ್ತು, ಆದ್ರೂ ಬಂದ್ರು. ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೀತು. ಇಂಥ ಜನಕ್ಕೆ ಪ್ರಜಾಪ್ರಭುತ್ವ ಗೊತ್ತಿಲ್ಲ ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ಆಮೇಲೆ ಆಗಿದ್ದು ನೋಡಿ. 1990 ಜುಲೈ 1ಕ್ಕೆ ಪಶ್ಚಿಮ ಜರ್ಮನಿಯ ಕರೆನ್ಸಿ ಮಾರ್ಕ್ ಪೂರ್ವಕ್ಕೂ ಬಂತು. ಸಂಬಳ, ಪೆನ್ಶನ್ ಒಂದಕ್ಕೊಂದು ರೇಟಲ್ಲಿ ಬದಲಾಯ್ತು, ಬ್ಯಾಂಕಲ್ಲಿಟ್ಟ ದುಡ್ಡಲ್ಲಿ ದೊಡ್ಡವರಿಗೆ 4,000 ಮಾರ್ಕ್‌ವರೆಗೆ ಒಂದಕ್ಕೊಂದು, ಅದಕ್ಕಿಂತ ಮೇಲಿದ್ದಿದ್ದು ಎರಡಕ್ಕೊಂದು. ಜನ ಕೇಳಿದ್ದೂ ಅದನ್ನೇ, ಅವರನ್ನ ತಪ್ಪು ಅನ್ನಲ್ಲ. ಆದ್ರೆ ಫ್ಯಾಕ್ಟರಿ ಕಡೆಯಿಂದ ಯೋಚಿಸಿ, ರಾತ್ರಿ ಕಳೆದು ಬೆಳಗಾಗೋದ್ರಲ್ಲಿ ಮಾಲಿನ ಬೆಲೆ ಹಲವು ಪಟ್ಟು ಏರ್ತು, ಇಷ್ಟು ದಿನ ಕೊಳ್ತಿದ್ದ ಸೋವಿಯತ್, ಪೋಲೆಂಡ್, ಹಂಗೇರಿ ಹತ್ರ ಆ ಕರೆನ್ಸಿ ಇಲ್ಲ, ಸ್ವಂತ ಊರಿನ ಗಿರಾಕಿ ಕೂಡ ಪಶ್ಚಿಮದ ಸೋಪು, ಪಶ್ಚಿಮದ ಕಾರೇ ಬೇಕು ಅಂದ. ಒಂದೆರಡು ವರ್ಷದಲ್ಲಿ ಕೈಗಾರಿಕಾ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಹೋಯ್ತು. ಟ್ರಾಯ್‌ಹಾಂಡ್ ಅಂತ ಒಂದು ಸಂಸ್ಥೆ, ಅದರ ಕೈಲಿ ಸುಮಾರು 8,500 ಸರ್ಕಾರಿ ಉದ್ದಿಮೆ, ಅದರಲ್ಲಿ ಸುಮಾರು 40 ಲಕ್ಷ ಜನರ ಕೆಲಸ. ಮಾರು, ಇಲ್ಲಾ ಮುಚ್ಚು. 1994ರ ಕೊನೆಗೆ ಕೆಲಸ ಮುಗೀತು ಅಂತ ಟ್ರಾಯ್‌ಹಾಂಡ್ ಬಾಗಿಲು ಹಾಕ್ತು. ಮಾರಿದ್ದರಲ್ಲಿ ಬಹುಪಾಲು ಪಶ್ಚಿಮದವರ ಪಾಲಾಯ್ತು, ಅಲ್ಲೇ ದುಡಿದವರ ಕೈಗೆ ಬಂದಿದ್ದು ಚೂರುಪಾರು.

ಬಿಶೋಫರೋಡೆ ಅನ್ನೋ ಊರಿನ ಕಥೆ ಒಂದೇ ಸಾಕು. ತುರಿಂಗಿಯಾದ ಮೂಲೇಲಿ ಪೊಟ್ಯಾಶ್ ಗಣಿ, ಗೊಬ್ಬರಕ್ಕೆ ಹೋಗೋ ಉಪ್ಪು. ಸುತ್ತಮುತ್ತ ಕ್ಯಾಥೊಲಿಕ್ ಸೀಮೆ, ಚರ್ಚು ಬಿಡದ ಜನ, 1990ರಲ್ಲಿ ಪಶ್ಚಿಮದ ಚಾನ್ಸಲರ್ ಹೆಲ್ಮುಟ್ ಕೋಲ್ ಪಕ್ಷಕ್ಕೇ ವೋಟ್ ಹಾಕಿದವರು. ಕಮ್ಯುನಿಸ್ಟರ ಕೋಟೆ ಅಲ್ಲವೇ ಅಲ್ಲ. ಇವರ ಮಾಲಿಗೆ ಹೊರದೇಶದಲ್ಲಿ ಗಿರಾಕಿಗಳೂ ಇದ್ರು. ಆದ್ರೆ ಪೂರ್ವದ ಗಣಿಗಳನ್ನ ಪಶ್ಚಿಮದ ಕಾಸೆಲ್‌ನ ಕಂಪನಿ ಜೊತೆ ಸೇರಿಸೋ ಒಪ್ಪಂದದಲ್ಲಿ ಈ ಗಣಿ ಮುಚ್ಚಬೇಕು ಅಂತಾಯ್ತು. 1993 ಜುಲೈ 1ಕ್ಕೆ ಕಾರ್ಮಿಕರು ಉಪವಾಸ ಕೂತ್ರು. ಬೇರೆ ಬೇರೆ ಊರಿಂದ ಜನ ಬಂದು ಜೊತೆ ನಿಂತ್ರು, ಬರ್ಲಿನ್‌ವರೆಗೆ ಮೆರವಣಿಗೆ ಹೋದ್ರು, ಬಿಶೋಫರೋಡೆ ಎಲ್ಲಾ ಕಡೆ ಇದೆ ಅನ್ನೋದು ಅವರ ಘೋಷಣೆ. ಡಿಸೆಂಬರ್ ಕೊನೆಗೆ ಗಣಿ ಮುಚ್ಚೇ ಹೋಯ್ತು. ತಮ್ಮ ಬದುಕನ್ನ ತೀರ್ಮಾನ ಮಾಡಿದ ಆ ಒಪ್ಪಂದದಲ್ಲಿ ಏನು ಬರೆದಿತ್ತು ಅಂತ ಪೂರ್ತಿ ಓದೋಕೆ ಆ ಜನ ಇಪ್ಪತ್ತು ವರ್ಷ ಕಾಯಬೇಕಾಯ್ತು.

ನಾನು ಹೇಳೋದು ಇಷ್ಟೇ. ಈ ಸಿಟ್ಟು ಕಮ್ಯುನಿಸಂ ಬೇಕು ಅಂತ ಅಲ್ಲ, ನಮ್ಮನ್ನ ಕೇಳದೇ ನಮ್ಮ ಬದುಕು ಮಾರಿದ್ರು ಅಂತ. ಮತ್ತೆ ಇದು ಪೂರ್ವಕ್ಕಷ್ಟೇ ಸೀಮಿತವಾದ ವಿಷಯ ಅಲ್ಲ. ಆ ಕಡೆ ಒಬ್ಬ ಎದುರಾಳಿ ಇರೋತನಕ ಪಶ್ಚಿಮದ ಮಾಲೀಕರಿಗೂ ಸರ್ಕಾರಗಳಿಗೂ ನಮ್ಮ ಕಾರ್ಮಿಕರು ಅತ್ತ ವಾಲಿದ್ರೆ ಏನು ಗತಿ ಅನ್ನೋ ಒಂದು ಅಳುಕಿತ್ತು. 1989 ಆದ್ಮೇಲೆ ಗೆದ್ದವರಿಗೆ ಆ ಅಳುಕು ಹೋಯ್ತು, ಅದರ ಬೆಲೆನ ಈಗ ಎರಡೂ ಕಡೆ ಜನ ತೆರ್ತಿದ್ದಾರೆ.

ಬೆಂದಕಾಳು:

ಬರೆದಿದ್ದು ಚೆನ್ನಾಗಿದೆ ಆದ್ರೆ ಕೊನೇ ಪ್ಯಾರಾ ನನಗೆ ಇಳೀತಿಲ್ಲ. ಬ್ರಿಟನ್ನಿನ ಪ್ರಧಾನಿಯಾಗಿ ಥ್ಯಾಚರ್ ಬಂದಿದ್ದು 1979ರಲ್ಲಿ, ಅಮೆರಿಕದ ಅಧ್ಯಕ್ಷ ರೇಗನ್ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಮಾಡಿದ್ರು ಅಂತ 11 ಸಾವಿರಕ್ಕೂ ಹೆಚ್ಚು ಜನರನ್ನ ಒಂದೇ ಏಟಿಗೆ ಕೆಲಸದಿಂದ ತೆಗೆದಿದ್ದು 1981ರಲ್ಲಿ, ಅಮೆರಿಕದ ಶ್ರೀಮಂತರ ಮೇಲಿನ ತೆರಿಗೆಯ ಗರಿಷ್ಠ ದರ 70%ನಿಂದ 28%ಗೆ ಇಳಿದಿದ್ದು 1988ರ ಹೊತ್ತಿಗೆ. ಇದೆಲ್ಲ ನಡೆಯೋವಾಗ ಗೋಡೆ ಗಟ್ಟಿಯಾಗೇ ನಿಂತಿತ್ತಲ್ಲ, ಆ ಅಳುಕು ಆಗ ಎಲ್ಲಿತ್ತು? 1973ರ ತೈಲ ಬಿಕ್ಕಟ್ಟು, ಜಪಾನಿನ ಪೈಪೋಟಿ, ಮಷೀನು, ಆಮೇಲೆ ಚೀನಾ, ಕಾರಣ ಅಲ್ಲಿ ಹುಡುಕಬೇಕು ಅನ್ಸತ್ತೆ.

ಇನ್ನೊಂದು ಮಾತು ಖಾರವಾಗೇ ಹೇಳ್ತೀನಿ. ಬರ್ಲಿನ್ ಗೋಡೆ ಹತ್ರನೇ ಕನಿಷ್ಠ 140 ಜನ ಸತ್ತಿದ್ದಾರೆ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಲಿ 1989ರಲ್ಲಿ ಸುಮಾರು 91 ಸಾವಿರ ಪೂರ್ಣಾವಧಿ ನೌಕರರು, ಅದರ ಮೇಲೆ ಸುಮಾರು 1.89 ಲಕ್ಷ ಗುಪ್ತ ಮಾಹಿತಿದಾರರು, ಅದೂ ಒಂದೂವರೆ ಕೋಟಿ ಚಿಲ್ಲರೆ ಜನ ಇದ್ದ ದೇಶದಲ್ಲಿ. ಫ್ಯಾಕ್ಟರಿ ಮುಚ್ಚಿದ್ದು ನೋವು, ಒಪ್ತೀನಿ. ಆದ್ರೆ ಆ ಫ್ಯಾಕ್ಟರಿಗಳು ಸೊರಗಿದ್ದು ಟ್ರಾಯ್‌ಹಾಂಡ್ ಬಂದ ದಿನದಿಂದ ಅಲ್ಲ, ಒಂದು ಟ್ರಾಬಂಟ್ ಕಾರಿಗೆ ಜನ ಹತ್ತು ವರ್ಷಕ್ಕೂ ಮೇಲೆ ಕಾಯ್ತಿದ್ರು ಅನ್ನೋದನ್ನ ಮರೆತು ಲೆಕ್ಕ ಹಾಕಬಾರದು.

ಎಲ್ಬೆ ದಂಡೆ ಕನ್ನಡತಿ:

ಡ್ರೆಸ್ಡನ್‌ನಲ್ಲಿ ಇದ್ದೀನಿ, ಚಿಪ್ ಫ್ಯಾಕ್ಟರಿಗಳ ಕೆಲಸಕ್ಕೆ ಬಂದ ಕನ್ನಡದವರು ಇಲ್ಲಿ ಈಗ ಸುಮಾರು ಜನ ಇದ್ದೀವಿ, ಹಾಗಾಗಿ ಈ ಚರ್ಚೆ ನನಗೆ ದೂರದ್ದಲ್ಲ. ಬೆಂದಕಾಳು ಅವರು ಸ್ಟಾಸಿ ಬಗ್ಗೆ ಹೇಳಿದ್ದನ್ನ ಇಲ್ಲಿನ ಜನಾನೇ ಮೊದಲು ಹೇಳ್ತಾರೆ, ಅದನ್ನ ಯಾರೂ ಮುಚ್ಚಿಡಲ್ಲ. ಆದ್ರೆ ಅದರ ಜೊತೆಗೇ ಇನ್ನೊಂದು ಹೇಳ್ತಾರೆ, ಅದನ್ನ ಕೇಳಿಸ್ಕೊಳ್ಳೋರು ಕಮ್ಮಿ.

ನನ್ನ ಟೀಮಲ್ಲಿ ಒಬ್ಬರು ಹಿರಿಯರಿದ್ರು, ಈಗ ರಿಟೈರ್ ಆದ್ರು. ಅವರ ಅಮ್ಮ ಇಲ್ಲೇ ಒಂದು ಕಂಪ್ಯೂಟರ್ ಬಿಡಿಭಾಗದ ಫ್ಯಾಕ್ಟರಿಲಿ ಇಂಜಿನಿಯರ್. ಪೂರ್ವ ಜರ್ಮನಿಲಿ ಸುಮಾರು 90% ಹೆಂಗಸರು ಕೆಲಸಕ್ಕೋ ತರಬೇತಿಗೋ ಹೋಗ್ತಿದ್ರು, ಮಗು ಹುಟ್ಟಿ ವರ್ಷ ಆಗೋದ್ರೊಳಗೆ ಶಿಶುವಿಹಾರ ಸಿಗ್ತಿತ್ತು, ಅವರಿಗೂ ಹಾಗೇ. ಫ್ಯಾಕ್ಟರಿ ಮುಚ್ಚಿತು. ಸರ್ಕಾರದ ಉದ್ಯೋಗ ಯೋಜನೆಲಿ ಅವರಿಗೆ ಕೊಟ್ಟ ಕೆಲಸ ಏನು ಅಂದ್ರೆ ತಾವೇ ಕೆಲಸ ಮಾಡಿದ ಹಾಲಲ್ಲಿ ಮಷೀನುಗಳನ್ನ ಬಿಚ್ಚಿ, ತಾಮ್ರ ಬೇರೆ, ಕಬ್ಬಿಣ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಿ ಪೆಟ್ಟಿಗೆಗೆ ತುಂಬೋದು. ತಾನು ಅಳತೆ ಸರಿ ಮಾಡಿಟ್ಟ ಟೆಸ್ಟ್ ಬೆಂಚನ್ನ ತಾನೇ ಸ್ಕ್ರೂ ಬಿಚ್ಚಿ ಕೆಳಗಿಳಿಸಿದ್ರಂತೆ. ಇದು ಅವರೊಬ್ಬರ ಕಥೆ ಅಲ್ಲ, ಪೂರ್ವದ ತುಂಬಾ ಫ್ಯಾಕ್ಟರಿಗಳಲ್ಲಿ ಹೀಗೇ ಆಯ್ತು. ಆಮೇಲೆ ವಿಮೆ ಮಾರೋ ಟ್ರೈನಿಂಗು, ಅದಾದ್ಮೇಲೆ ಆಫೀಸ್ ಕೆಲಸದ ಟ್ರೈನಿಂಗು, ಕೆಲಸ ಮಾತ್ರ ಇಲ್ಲ. ಅದೇ ಹೊತ್ತಲ್ಲಿ ಪಶ್ಚಿಮದಿಂದ ಬಂದ ಅಧಿಕಾರಿಗಳಿಗೆ ಪೂರ್ವದಲ್ಲಿ ಕೆಲಸ ಮಾಡೋದಕ್ಕೆ ಅಂತ ಎಕ್ಸ್‌ಟ್ರಾ ಭತ್ಯೆ. ಕೋರ್ಟು, ಯೂನಿವರ್ಸಿಟಿ, ಸಚಿವಾಲಯ, ಎಲ್ಲಾ ಕಡೆ ಮೇಲಿನ ಕುರ್ಚಿ ಅವರಿಗೇ. ಇವತ್ತಿಗೂ ಆ ಕುರ್ಚಿಗಳಲ್ಲಿ ಪೂರ್ವದಲ್ಲಿ ಹುಟ್ಟಿದವರು ಜನಸಂಖ್ಯೆಗೆ ತಕ್ಕಷ್ಟಿಲ್ಲ.

ಆ ಕಾಲದಲ್ಲಿ ಜನ ಎಷ್ಟು ಕಂಗಾಲಾಗಿದ್ರು ಅನ್ನೋದಕ್ಕೆ ಮಕ್ಕಳ ಲೆಕ್ಕ ನೋಡಿ. 1989ರಲ್ಲಿ ಪೂರ್ವ ಜರ್ಮನಿಲಿ ಹುಟ್ಟಿದ ಮಕ್ಕಳು ಸುಮಾರು 2 ಲಕ್ಷ, 1994ರಲ್ಲಿ 80 ಸಾವಿರದ ಆಸುಪಾಸು. ಯುದ್ಧ ಇಲ್ಲ, ಬರಗಾಲ ಇಲ್ಲ, ಐದೇ ವರ್ಷದಲ್ಲಿ ಅರ್ಧಕ್ಕಿಂತ ಕಮ್ಮಿ. ವಯಸ್ಸಿನವರು, ಅದರಲ್ಲೂ ಹುಡುಗೀರು, ಪಶ್ಚಿಮಕ್ಕೆ ಹೊರಟುಹೋದ್ರು, ಊರಲ್ಲಿ ಉಳಿದಿದ್ದು ವಯಸ್ಸಾದವರು ಮತ್ತೆ ಮದುವೆ ಆಗದ ಗಂಡಸರು. ಎಎಫ್‌ಡಿ ಬಲವಾಗಿರೋ ಸಣ್ಣ ಊರುಗಳಿಗೆ ಹೋದ್ರೆ ಇದು ಕಣ್ಣಿಗೇ ಕಾಣ್ಸತ್ತೆ, ಸಂಜೆ ಆರಕ್ಕೆ ಬಸ್ ನಿಂತುಹೋಗತ್ತೆ, ಶಾಲೆ ಕಟ್ಟಡಕ್ಕೆ ಬೀಗ.

ಆದ್ರೆ ಶರಾವತಿ ತೀರ ಅವರು ಬಿಟ್ಟಿರೋ ಒಂದು ವಿಷಯ ಇದೆ, ನನಗೆ ಅದನ್ನ ಹೇಳದೇ ಇರೋಕೆ ಆಗಲ್ಲ. ಈ ಸಿಟ್ಟು ಬಂದು ಬಿದ್ದಿದ್ದು ಯಾರ ಮೇಲೆ? 1991 ಸೆಪ್ಟೆಂಬರಲ್ಲಿ ಹೋಯರ್ಸ್‌ವೆರ್ಡಾ, 1992 ಆಗಸ್ಟಲ್ಲಿ ರೋಸ್ಟಾಕ್‌ನ ಲಿಷ್ಟನ್‌ಹಾಗನ್, ವಿಯೆಟ್ನಾಂ ಮೊಜಾಂಬಿಕ್‌ನಿಂದ ಬಂದ ಕಾರ್ಮಿಕರ ವಸತಿಗೆ ಕಲ್ಲು, ಬೆಂಕಿ, ಅಕ್ಕಪಕ್ಕದವರು ನಿಂತು ಚಪ್ಪಾಳೆ. ಇದೇ ಡ್ರೆಸ್ಡನ್‌ನಲ್ಲಿ 1991 ಏಪ್ರಿಲಲ್ಲಿ ಮೊಜಾಂಬಿಕ್‌ನ ಜಾರ್ಜ್ ಗೊಮೊಂಡಾಯ್ ಟ್ರಾಮಲ್ಲಿ ಹಲ್ಲೆಗೆ ಸಿಕ್ಕು ಸತ್ತ, ಅವನ ಹೆಸರಿನ ಚೌಕದ ಮುಂದೆನೇ ನಾನು ಓಡಾಡೋದು. 2014ರಿಂದ ಹತ್ತು ವರ್ಷ ಪೆಗಿಡಾ ಅನ್ನೋ ವಲಸಿಗರ ವಿರೋಧಿ ಗುಂಪಿನವರು ಇಲ್ಲಿ ಸೋಮವಾರಗಳಂದು ಮೆರವಣಿಗೆ ಮಾಡಿದ್ರು, ಅಂಥ ಸಂಜೆ ನಮ್ಮ ಬಣ್ಣದವರು ಊರ ಮಧ್ಯೆ ಹೋಗ್ತಿರ್ಲಿಲ್ಲ. ಫ್ಯಾಕ್ಟರಿ ಮುಚ್ಚಿದ್ದು ನಾವಲ್ಲ, ಆ ವಿಯೆಟ್ನಾಮಿನವರೂ ಅಲ್ಲ, ಅವರ ಕೆಲಸ ಎಲ್ಲರಿಗಿಂತ ಮೊದಲು ಹೋಗಿತ್ತು. ಜನರ ಸಿಟ್ಟಿಗೆ ಕಾರಣ ಇದೆ ಅಂತ ನಾನು ಮನಸಾರೆ ಒಪ್ತೀನಿ, ಆ ಸಿಟ್ಟು ಎತ್ತ ತಿರುಗ್ತು ಅನ್ನೋದನ್ನ ಮಾತ್ರ ಕ್ಷಮಿಸೋಕೆ ಆಗಲ್ಲ.

ಧಾರವಾಡದ ಮಾಸ್ತರ:

ಅಕ್ಕಾರ ಹೇಳಿದ್ದು ಖರೇ ಐತಿ. ಸಿಟ್ಟು ಎತ್ತ ತಿರಗತೈತಿ ಅನ್ನೂದೇ ಮುಖ್ಯ ಪ್ರಶ್ನೆ, ಅದಕ್ಕ ನಾ ಒಂದೆರಡು ಮಾತು ಸೇರಸ್ತೇನಿ.

ಇಟಲಿ ಕಮ್ಯುನಿಸ್ಟ್ ಪಾರ್ಟಿ 1976ರಾಗ 34.4% ವೋಟ್ ತಗೊಂಡಿತ್ತು. ಅಂದ್ರ ಮೂರು ಮಂದ್ಯಾಗ ಒಬ್ಬ. ಅವರು ಮಾಸ್ಕೋ ಹೇಳಿದ್ದಕ್ಕ ತಲಿ ಹಾಕೂ ಮಂದಿ ಅಲ್ಲ, ಪ್ರಾಗ್‌ನ್ಯಾಗ 1968ಕ್ಕ ಸೋವಿಯತ್ ಟ್ಯಾಂಕ್ ಹೋದಾಗ ಬಹಿರಂಗ ವಿರೋಧ ಮಾಡಿದವರು. ಊರೂರಿಗೆ ಜನರ ಮನಿ ಅಂತ ಕಟ್ಟಡ ಇದ್ವು, ಅಲ್ಲೇ ಇಸ್ಪೀಟು, ಅಲ್ಲೇ ಡ್ಯಾನ್ಸು, ಅಲ್ಲೇ ಯೂನಿಯನ್ ಮೀಟಿಂಗು. 1991ರ ಫೆಬ್ರುವರಿಗೆ ಆ ಪಾರ್ಟಿ ತನ್ನನ್ನ ತಾನೇ ವಿಸರ್ಜನೆ ಮಾಡ್ಕೊಂತು. ಫ್ರಾನ್ಸಿನ್ಯಾಗ 1969ರ ಅಧ್ಯಕ್ಷ ಚುನಾವಣ್ಯಾಗ ಕಮ್ಯುನಿಸ್ಟ್ ಅಭ್ಯರ್ಥಿ ಝಾಕ್ ಡುಕ್ಲೋಗ 21% ಬಂದಿತ್ತು, 2007ಕ್ಕ ಅದು 2%ಕ್ಕೂ ಕಮ್ಮಿ ಆತು. ಹೆನೆನ್ ಬೋಮಾಂ ಅಂತ ಉತ್ತರದ ಕಲ್ಲಿದ್ದಲ ಊರು ಐತಿ, ತಲಿತಲಾಂತರದಿಂದ ಎಡಪಂಥದವರದ, 2014ರಾಗ ಕಟ್ಟಾ ಬಲಪಂಥದ ನ್ಯಾಷನಲ್ ಫ್ರಂಟ್ ಪಾರ್ಟಿ ಮೇಯರ್ ಬಂದ.

ಊರ ಬಾವಿ ಮುಚ್ಚಿದ್ರ ಮಂದಿ ನೀರಡಿಕಿ ಹೋಗೂದಿಲ್ಲ, ಮತ್ತೊಂದ ಕಡೆ ಹೋಗಿ ಎಂಥಾ ನೀರು ಸಿಕ್ಕರೂ ಕುಡೀತಾರ. ಬಡವನ ಸಿಟ್ಟಿಗೆ ಒಂದು ಮನಿ ಅಂತ ಇತ್ತು, ಅಲ್ಲಿ ಅದನ್ನ ಮಾಲಕನ ಕಡೆ ತಿರಗಸ್ತಿದ್ರು, ಯೂನಿಯನ್‌ನ್ಯಾಗ ಮೊರೊಕ್ಕೊದವನೂ ಪೋಲೆಂಡದವನೂ ಒಂದ ಬೆಂಚಿನ ಮ್ಯಾಲ ಕುಂದರ್ತಿದ್ರು. ಅದು ಸೋವಿಯತ್ ಜೋಡಿ ಹೋತು. ಹೋಗಬೇಕಾಗಿರಲಿಲ್ಲ, ಆದ್ರೂ ಹೋತು.

ಪೋಲೆಂಡಂತೂ ಇನ್ನೂ ಮನಸ್ಸಿಗೆ ಹತ್ತೂ ವಿಷಯ. ಗ್ದಾನ್‌ಸ್ಕ್‌ನ ಹಡಗುಕಟ್ಟೆಯ ಕಾರ್ಮಿಕರು 1980ರ ಆಗಸ್ಟ್‌ನ್ಯಾಗ ಹೂಡಿದ ಮುಷ್ಕರದಿಂದ ಸಾಲಿಡಾರಿಟಿ ಅನ್ನೂ ಸ್ವತಂತ್ರ ಯೂನಿಯನ್ ಹುಟ್ಟಿತು, ಕಮ್ಯುನಿಸ್ಟ್ ಸರ್ಕಾರಕ್ಕ ಮೊದಲ ಬಿರುಕು ಬಿದ್ದದ್ದು ಅಲ್ಲೇ. ಅದ ಹಡಗುಕಟ್ಟೆ 1996ಕ್ಕ ದಿವಾಳಿ ಆತು. ಬೆಂದಕಾಳು ಅವರ, ಪೋಲೆಂಡ್ ದೇಶ ಛಲೋ ಬೆಳದೈತಿ, ಅದರಾಗ ಎರಡು ಮಾತಿಲ್ಲ, ಆದ್ರ ಗೆದ್ದು ಕೊಟ್ಟವರಿಗೇ ಪಾಲು ಸಿಗಲಿಲ್ಲ ಅಂದ್ರ ಅವರ ಮಕ್ಕಳು ಏನು ತಿಳ್ಕೋಬೇಕು?

ಹೊಸ ಓದುಗ:

ಡಿಗ್ರಿ ಎರಡನೇ ವರ್ಷ, ಪೊಲಿಟಿಕಲ್ ಸೈನ್ಸ್. ನಮ್ಮ ಸಿಲಬಸ್‌ನಲ್ಲಿ ಗೋಡೆ ಬಿತ್ತು ಅನ್ನೋ ಕಡೆಗೆ ಪಾಠ ಮುಗಿದುಹೋಗತ್ತೆ. ಈಗ ಅಲ್ಲಿ ಜನ ನಿಜವಾಗ್ಲೂ ಹಳೇ ವ್ಯವಸ್ಥೆ ವಾಪಸ್ ಬೇಕು ಅಂತಾರಾ?

ಎಲ್ಬೆ ದಂಡೆ ಕನ್ನಡತಿ:

ಇಲ್ಲ. ನನಗೆ ಪರಿಚಯ ಇರೋರಲ್ಲಿ ಗೋಡೆ ವಾಪಸ್ ಬೇಕು ಅಂದೋರು ಒಬ್ಬರೂ ಇಲ್ಲ. ಆದ್ರೆ ನಾವು ಬದುಕಿದ್ದ ಜೀವನ ಎಲ್ಲಾ ಸುಳ್ಳು ಅಂತ ಬೇರೆಯವರು ತೀರ್ಪು ಕೊಟ್ರೆ ತುಂಬಾ ನೊಂದ್ಕೊಳ್ತಾರೆ. ಅಲ್ಲೂ ಪ್ರೀತಿ ಮಾಡಿದ್ರು, ಮಕ್ಕಳು ಸಾಕಿದ್ರು, ನಿಯತ್ತಾಗಿ ಕೆಲಸ ಮಾಡಿದ್ರು.

ಶರಾವತಿ ತೀರ:

ಎಲ್ಬೆ ಅವರೇ, ಇದನ್ನ ನೀವು ಬರೆದಿದ್ದು ಒಳ್ಳೇದಾಯ್ತು, ಹೋಯರ್ಸ್‌ವೆರ್ಡಾ ಬಿಟ್ಟು ಈ ಚರ್ಚೆ ಪೂರ್ತಿ ಆಗಲ್ಲ.

ಬೆಂದಕಾಳು ಅವರೇ, ಥ್ಯಾಚರ್ ರೇಗನ್ ಮೊದಲೇ ಬಂದಿದ್ರು ಅನ್ನೋದು ಸರಿ. ಆದ್ರೆ ಹೆದರಿಕೆಯಿಂದ ಸುಧಾರಣೆ ಬರತ್ತೆ ಅನ್ನೋದು ನನ್ನ ಕಲ್ಪನೆ ಅಲ್ಲ. ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿಗಳ ವಿರುದ್ಧ ಕಾನೂನು ತಂದ, 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದ, ಒಂದು ಕೈಲಿ ಬೆತ್ತ ಇನ್ನೊಂದು ಕೈಲಿ ಬೆಲ್ಲ. ಅಮೆರಿಕದಲ್ಲಿ ಶಾಲೆಗಳ ವರ್ಣಭೇದದ ಬ್ರೌನ್ ಕೇಸು ಸುಪ್ರೀಂ ಕೋರ್ಟಲ್ಲಿದ್ದಾಗ 1952ರಲ್ಲಿ ಸರ್ಕಾರನೇ ಕೋರ್ಟಿಗೆ ಬರ್ಕೊಟ್ಟಿತ್ತು, ಈ ಭೇದಭಾವ ಕಮ್ಯುನಿಸ್ಟ್ ಪ್ರಚಾರಕ್ಕೆ ಮೇವಾಗ್ತಿದೆ ಅಂತ. ಎಪ್ಪತ್ತರ ದಶಕದ ಕೊನೆಗೆ ಬ್ರೆಝ್ನೆವ್ ಕಾಲದ ಸೋವಿಯತ್ ನೋಡಿ ಆಸೆಪಡೋ ಕಾರ್ಮಿಕ ಪಶ್ಚಿಮದಲ್ಲಿ ಉಳಿದಿರ್ಲಿಲ್ಲ, ಅಂದ್ರೆ ಗೋಡೆ ಬೀಳೋಕೆ ಮೊದಲೇ ಆ ಅಳುಕು ಸವೆದಿತ್ತು, 1989 ಅದಕ್ಕೆ ಸೀಲ್ ಒತ್ತಿತು.

ಮತ್ತೆ 1989 ಆದ್ಮೇಲೆ ಎಡಪಕ್ಷಗಳೂ ಬದಲಾದ್ವು, ಇದನ್ನ ಗಮನಿಸಬೇಕು. ಜರ್ಮನಿಲಿ ನಿರುದ್ಯೋಗಿಗಳ ಭತ್ಯೆ ಕತ್ತರಿಸಿದ ಹಾರ್ಟ್ಸ್ ಫೋರ್ ಕಾನೂನು 2005 ಜನವರಿ 1ಕ್ಕೆ ಜಾರಿ ಆಯ್ತು, ತಂದಿದ್ದು ಸೋಷಿಯಲ್ ಡೆಮಾಕ್ರಟ್ ಶ್ರೋಡರ್ ಸರ್ಕಾರ. ಆಗ ಪೂರ್ವದಲ್ಲಿ ನಿರುದ್ಯೋಗ ಸುಮಾರು 20%. ಹಿಂದಿನ ಬೇಸಿಗೆಲಿ, 2004ರಲ್ಲಿ, ಮ್ಯಾಗ್ಡೆಬರ್ಗ್‌ನಿಂದ ಶುರುವಾಗಿ ಜನ ಮತ್ತೆ ಸೋಮವಾರದ ಮೆರವಣಿಗೆ ಹೊರಟ್ರು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಹತ್ತು ವರ್ಷ ಆದ್ಮೇಲೆ ಅದೇ ಸೋಮವಾರನ ಪೆಗಿಡಾ ಹಿಡ್ಕೊಂತು. ನಡುವೆ ಸಿಕ್ಕ ಆ ಒಂದು ಅವಕಾಶ ಕೈಬಿಟ್ಟಿದ್ದಕ್ಕೆ ನನಗೆ ತುಂಬಾ ಸಂಕಟ ಆಗತ್ತೆ.

ಟ್ರೆಂಟ್ ನದಿ ಡಾಕ್ಟರ್:

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆ ಡಾಕ್ಟರ್, ಮೂಲ ದಾವಣಗೆರೆ. ನನ್ನ ಹತ್ರ ಬರೋ ವಯಸ್ಸಾದ ಗಂಡಸರಲ್ಲಿ ಬಹಳ ಜನ ಹಳೇ ಗಣಿ ಕೆಲಸಗಾರರು, ಎದೆಗೆ ಸ್ಟೆತಾಸ್ಕೋಪ್ ಇಟ್ಟ ಕೂಡಲೇ ಗೊತ್ತಾಗತ್ತೆ, ಉಸಿರು ಎಳೆದ್ರೆ ಕೆಳಗಡೆ ಕರಕರ ಸದ್ದು, ಬೆರಳ ಗೆಣ್ಣಲ್ಲಿ ಕಲ್ಲಿದ್ದಲ ಪುಡಿ ಹೊಕ್ಕು ನೀಲಿ ಹಚ್ಚೆ ಥರ ಉಳಿದಿರತ್ತೆ. ಇವರು ಯಾವತ್ತೂ ಕಮ್ಯುನಿಸ್ಟ್ ದೇಶದಲ್ಲಿ ಇದ್ದವರಲ್ಲ, ಆದ್ರೆ ಮೇಲೆ ಬರೆದಿರೋ ಎಷ್ಟೋ ಮಾತು ಇವರ ಬಾಯಲ್ಲಿ ಕೇಳಿದ್ದೀನಿ.

1984 ಮಾರ್ಚಿಂದ 1985 ಮಾರ್ಚ್‌ವರೆಗೆ ಗಣಿ ಮುಚ್ಚೋದರ ವಿರುದ್ಧ ಇಲ್ಲಿನ ಗಣಿ ಕಾರ್ಮಿಕರ ಮುಷ್ಕರ. ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಬಹುಪಾಲು ಜನ ಮುಷ್ಕರಕ್ಕೆ ಸೇರದೇ ಕೆಲಸಕ್ಕೆ ಹೋದ್ರು, ಅದಕ್ಕೆ ಪಕ್ಕದ ಯಾರ್ಕ್‌ಶೈರ್‌ನವರ ಜೊತೆ ಇವತ್ತಿಗೂ ಮಾತು ಬಿಟ್ಟಿರೋ ಮನೆಗಳಿವೆ. ಸರ್ಕಾರದ ಮಾತು ನಂಬಿ ಕೆಲಸಕ್ಕೆ ಹೋದವರ ಗಣಿಗಳೂ ಉಳೀಲಿಲ್ಲ. ಬ್ರಿಟನ್ನಿನ ಕೊನೇ ಆಳದ ಕಲ್ಲಿದ್ದಲ ಗಣಿ ಕೆಲಿಂಗ್ಲಿ 2015 ಡಿಸೆಂಬರಲ್ಲಿ ಮುಚ್ಚಿತು. ಆರು ತಿಂಗಳಿಗೆ ಬ್ರೆಕ್ಸಿಟ್ ವೋಟ್, ಇಡೀ ದೇಶದಲ್ಲಿ 51.9% ಹೊರಗೆ ಹೋಗೋಣ ಅಂದ್ರೆ ಇಲ್ಲಿನ ಮ್ಯಾನ್ಸ್‌ಫೀಲ್ಡಲ್ಲಿ 70%ಗೂ ಹೆಚ್ಚು. ಪಕ್ಕದ ಬಾಲ್ಸೋವರ್‌ನಲ್ಲೂ ಅಷ್ಟೇ, 2019ರಲ್ಲಿ ಅಲ್ಲಿ ತಾನೂ ಗಣಿ ಕಾರ್ಮಿಕನಾಗಿದ್ದ ಲೇಬರ್‌ನ ಡೆನ್ನಿಸ್ ಸ್ಕಿನ್ನರ್ ಸೋತು ಕನ್ಸರ್ವೇಟಿವ್ ಗೆಲ್ತು.

ಬೆಂದಕಾಳು ಅವರು ಕಾಲ ಬದಲಾಗಿತ್ತು, ಗಣಿ ಹೇಗೂ ಮುಚ್ಚಬೇಕಿತ್ತು ಅಂತ ಹೇಳಬಹುದು. ಇರಲಿ, ಮುಚ್ಚಬೇಕಿತ್ತು. ಆದ್ರೆ ಹೇಗೆ ಮುಚ್ಚಿದ್ರು ಅನ್ನೋದು ಇದೆಯಲ್ಲ. ಪಶ್ಚಿಮ ಜರ್ಮನಿಯ ರೂರ್ ಕಣಿವೆಲೂ ಕಲ್ಲಿದ್ದಲಿತ್ತು. ಅಲ್ಲಿ ಯೂನಿಯನ್ನು, ಕಂಪನಿ, ಸರ್ಕಾರ ಒಂದೇ ಮೇಜಲ್ಲಿ ಕೂತು ದಶಕಗಟ್ಟಲೆ ನಿಧಾನಕ್ಕೆ ಇಳಿಸ್ಕೊಂಡು ಬಂದ್ರು, ಬೇಗ ಪೆನ್ಶನ್, ಬೇರೆ ಗಣಿಗೆ ವರ್ಗ, ಹೊಸ ಯೂನಿವರ್ಸಿಟಿಗಳು. 2018 ಡಿಸೆಂಬರ್ 21ಕ್ಕೆ ಬೊಟ್ರಾಪ್‌ನ ಕೊನೇ ಗಣಿ ಮುಚ್ಚಿದಾಗ ಕಡೇ ಕಲ್ಲಿದ್ದಲ ಗಟ್ಟಿಯನ್ನ ಕಾರ್ಮಿಕರು ರಾಷ್ಟ್ರಾಧ್ಯಕ್ಷ ಸ್ಟೈನ್‌ಮಾಯರ್ ಕೈಗೇ ಕೊಟ್ರು. ಒಂದೇ ದೇಶದೊಳಗೆ ಬೊಟ್ರಾಪ್‌ಗೆ ಅರ್ಧ ಶತಮಾನ ಸಮಯ ಕೊಟ್ಟು ಬಿಶೋಫರೋಡೆಗೆ ಆ ಥರ ಸಮಯ ಕೊಡಲೇ ಇಲ್ಲ ಅನ್ನೋದು ನನಗೆ ನ್ಯಾಯ ಅನ್ಸಲ್ಲ.

ಬೆಂದಕಾಳು:

ಡಾಕ್ಟರೇ, ಬೊಟ್ರಾಪ್ ಹೋಲಿಕೆ ಸರಿಯಾಗಿದೆ, ಅದಕ್ಕೆ ಉತ್ತರ ಕೊಡೋದು ಕಷ್ಟ. ಆದ್ರೆ ರೂರ್‌ನವರೂ ಖುಷಿಯಾಗಿಲ್ಲ ಅನ್ನೋದನ್ನೂ ಸೇರಿಸಿ. ಪೂರ್ವಕ್ಕೆ ಅಂತ 1991ರಿಂದ ಸಾಲಿಡಾರಿಟಿ ತೆರಿಗೆ, ಅದರ ಜೊತೆ ನಗರಸಭೆಗಳಿಂದ ಬೇರೆ ಪಾಲು. 2012ರಲ್ಲಿ ರೂರ್‌ನ ಮೇಯರ್‌ಗಳು ನಾವೇ ಸಾಲದಲ್ಲಿ ಮುಳುಗಿದ್ದೀವಿ, ನಮ್ಮ ಈಜುಕೊಳ, ಲೈಬ್ರರಿ ಮುಚ್ಚಿ ಪೂರ್ವದ ರಸ್ತೆಗೆ ಎಷ್ಟು ದಿನ ಕೊಡೋದು ಅಂತ ಬಹಿರಂಗವಾಗೇ ಕೇಳಿದ್ರು. ಪೂರ್ವಕ್ಕೆ ಹೋದ ದುಡ್ಡು ಸಣ್ಣದಲ್ಲ, ರಸ್ತೆ, ರೈಲು, ಹಳೇ ಪಟ್ಟಣಗಳ ದುರಸ್ತಿ ಎಲ್ಲಾ ಕಣ್ಣಿಗೆ ಕಾಣ್ತಿದೆ. ಕೊಟ್ಟವನಿಗೂ ಸಿಟ್ಟು, ತಗೊಂಡವನಿಗೂ ಸಿಟ್ಟು. ಹಾಗಾಗಿ ಕೇಳದೇ ಮಾಡಿದ್ರು ಅನ್ನೋದಷ್ಟೇ ಕಾರಣ ಅಂದ್ರೆ ನಾನು ಇನ್ನೂ ಪೂರ್ತಿ ಒಪ್ಪಲ್ಲ.

ಶರಾವತಿ ತೀರ:

ರೂರ್‌ನ ಮೇಯರ್‌ಗಳನ್ನೂ ಯಾರೂ ಕೇಳಿರ್ಲಿಲ್ಲವಲ್ಲ ಸರ್.

ಮೂಡಿಗೆರೆ ರೋಬಸ್ಟಾ:

ನಾನು ಕಾಫಿ ಬೆಳೆಗಾರ. ನೀವೆಲ್ಲ ಯುರೋಪಿನ ಕಥೆ ಹೇಳ್ತಿದ್ದೀರ, ನಮ್ಮ ತೋಟಕ್ಕೂ ಇದಕ್ಕೂ ನೇರ ಸಂಬಂಧ ಇದೆ ಅಂತ ಹೇಳೋಕೇ ಬರೀತಿದ್ದೀನಿ.

ಎಂಬತ್ತರ ದಶಕದಲ್ಲಿ ಭಾರತದ ಕಾಫಿಗೆ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ರೂಪಾಯಿ ವ್ಯಾಪಾರ, ಡಾಲರ್ ಬೇಕಿರ್ಲಿಲ್ಲ. ನಾವು ಬೆಳೆದಿದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕು, ದುಡ್ಡು ಕಂತು ಕಂತಲ್ಲಿ ಬರ್ತಿತ್ತು, ಕೊನೇ ಕಂತು ಬರೋಷ್ಟರಲ್ಲಿ ಮುಂದಿನ ಕುಯ್ಲು ಬಂದಿರ್ತಿತ್ತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದು ಬೆಲೆ ನೆಲ ಕಚ್ಚಿತು, 1991ರಲ್ಲಿ ಗಿರಾಕಿ ದೇಶನೇ ಇಲ್ಲದ ಹಾಗಾಯ್ತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಆ ವರ್ಷಗಳು ಹೇಗಿದ್ವು ಅಂತ ಹಿರಿಯರನ್ನ ಕೇಳಿ. ಅದೇ ಒತ್ತಡದಲ್ಲಿ ಬೆಳೆಗಾರರು ಹೋರಾಡಿ 1992ರಿಂದ ಹಂತ ಹಂತವಾಗಿ ನಮ್ಮ ಕಾಫಿ ನಾವೇ ಮಾರೋ ಹಕ್ಕು ಪಡೆದ್ವಿ, 1996ಕ್ಕೆ ಪೂಲ್ ಪೂರ್ತಿ ಹೋಯ್ತು. ನಡುವೆ 1994ರಲ್ಲಿ ಬ್ರೆಜಿಲ್‌ಗೆ ಹಿಮ ಬಿದ್ದು ನಮಗೆ ಒಳ್ಳೇ ರೇಟ್ ಸಿಕ್ತು. ಅಂದ್ರೆ ಹಳೇ ವ್ಯವಸ್ಥೆ ಹೋಗಿದ್ದಕ್ಕೆ ಅಳ್ತಾ ಕೂತವನಲ್ಲ ನಾನು, ಇದನ್ನ ಮೊದಲೇ ಹೇಳಿಬಿಡ್ತೀನಿ.

ಈಗ ಪೂರ್ವ ಜರ್ಮನಿ ವಿಷಯ. 1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದಾಗ ಕಾಫಿ ಬೆಲೆ ಏರಿ ಅವರ ಹತ್ರ ಡಾಲರ್ ಸಾಲದೇ ಹೋಯ್ತು. 1977ರಲ್ಲಿ ಸರ್ಕಾರ ಅರ್ಧ ಕಾಫಿ, ಉಳಿದಿದ್ದು ಚಿಕೋರಿ, ರೈ ಇತ್ಯಾದಿ ಹಾಕಿದ ಒಂದು ಮಿಕ್ಸ್ ಬಿಡುಗಡೆ ಮಾಡ್ತು. ನಾವು ಚಿಕೋರಿ ಕುಡಿಯೋ ಜನ, ನಮಗೆ ಅದು ದೊಡ್ಡದಲ್ಲ, ಅವರಿಗೆ ಅದು ಅವಮಾನ. ಜನ ಎಷ್ಟು ಕೆರಳಿದ್ರು ಅಂದ್ರೆ ದೂರಿನ ಪತ್ರಗಳ ರಾಶಿ ಬಿತ್ತು, ಸರ್ಕಾರ ಹೆದರಿ ಆ ಮಿಕ್ಸ್ ಹಿಂದಕ್ಕೆ ತಗೊಂಡ್ತು. ಚುನಾವಣೆಗೆ ಅರ್ಥ ಇಲ್ಲದ ದೇಶದಲ್ಲೂ ಕಾಫಿಗೋಸ್ಕರ ಜನ ದನಿ ಎತ್ತಿದ್ರು ನೋಡಿ. ಆಮೇಲೆ 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ, ದಾಕ್ ಲಾಕ್ ಬೆಟ್ಟದ ಸೀಮೆಲಿ ರೋಬಸ್ಟಾ ತೋಟ, ಮಷೀನು, ನೀರಾವರಿ, ಮನೆ, ಆಸ್ಪತ್ರೆ ಎಲ್ಲಾ ಪೂರ್ವ ಜರ್ಮನಿ ಖರ್ಚು. ಕಾಫಿ ಗಿಡ ಫಸಲಿಗೆ ಬರೋಕೆ ವರ್ಷಗಳೇ ಬೇಕು, ಅದು ನಮಗೆ ಚೆನ್ನಾಗಿ ಗೊತ್ತು. ಆ ತೋಟಗಳು ಕೈಗೆ ಹತ್ತೋ ಹೊತ್ತಿಗೆ ಪೂರ್ವ ಜರ್ಮನಿನೇ ಇಲ್ಲ. ತೋಟ ಇತ್ತು, 1986ರ ಸುಧಾರಣೆ ಆದ್ಮೇಲೆ ವಿಯೆಟ್ನಾಂ ರೈತರು ಇನ್ನೂ ಹಾಕಿದ್ರು, 2000ದ ಹೊತ್ತಿಗೆ ಆ ದೇಶ ಜಗತ್ತಲ್ಲೇ ಎರಡನೇ ಸ್ಥಾನಕ್ಕೆ ಬಂತು. 2001–02ರಲ್ಲಿ ರೋಬಸ್ಟಾ ಬೆಲೆ ಪಾತಾಳಕ್ಕೆ ಹೋದಾಗ ನಮ್ಮ ಸೀಮೆಲಿ ಕುಯ್ಲಿನ ಕೂಲಿನೂ ಹುಟ್ಟದೆ ಹಣ್ಣನ್ನ ಗಿಡದಲ್ಲೇ ಬಿಟ್ಟವರನ್ನ ನಾನು ನೋಡಿದ್ದೀನಿ. ಪೂರ್ವ ಜರ್ಮನಿ ಒಂದೇ ಕಾರಣ ಅಂತ ಹೇಳ್ತಿಲ್ಲ, ಆದ್ರೆ ಆ ಸರಪಳಿಲಿ ಅದೂ ಒಂದು ಕೊಂಡಿ.

ಹೊಸ ಓದುಗ:

ಇದನ್ನ ಯಾರೂ ಕ್ಲಾಸಲ್ಲಿ ಹೇಳೇ ಇಲ್ಲ ಸರ್. ಇದರ ಮೇಲೇ ಪ್ರಾಜೆಕ್ಟ್ ಮಾಡೋಕೆ ಕೇಳ್ತೀನಿ. ಡಾಕ್ಟರ್ ಸರ್, ನಿಮ್ಮ ಕಡೆ ಆ ಗಣಿ ಕಾರ್ಮಿಕರಿಗೆ ಆಮೇಲೆ ಏನಾದ್ರೂ ಪರಿಹಾರ ಸಿಕ್ತಾ?

ಟ್ರೆಂಟ್ ನದಿ ಡಾಕ್ಟರ್:

ಒಂದು ವಿಷಯ ಹೇಳಬಹುದು. 1994ರಲ್ಲಿ ಕಲ್ಲಿದ್ದಲನ್ನ ಖಾಸಗಿಗೆ ಕೊಟ್ಟಾಗ ಗಣಿ ಕಾರ್ಮಿಕರ ಪೆನ್ಶನ್ ನಿಧಿಗೆ ಸರ್ಕಾರ ಗ್ಯಾರಂಟಿ ನಿಂತು, ಬದಲಿಗೆ ಹೆಚ್ಚುವರಿ ಲಾಭದಲ್ಲಿ ಅರ್ಧ ತಾನು ತಗೊಳ್ಳೋ ಏರ್ಪಾಟು ಮಾಡ್ಕೊಂತು. ವರ್ಷಗಟ್ಟಲೆ ಕೋಟಿಗಟ್ಟಲೆ ಪೌಂಡ್ ಖಜಾನೆಗೆ ಹೋಯ್ತು, ಗಣಿಲಿ ಇಳಿದವರು ಸಣ್ಣ ಪೆನ್ಶನ್‌ನಲ್ಲೇ ಇದ್ರು. ತುಂಬಾ ವರ್ಷ ಹೋರಾಡಿದ ಮೇಲೆ 2024 ಅಕ್ಟೋಬರ್ ಬಜೆಟ್‌ನಲ್ಲಿ ಮೀಸಲಾಗಿಟ್ಟಿದ್ದ 150 ಕೋಟಿ ಪೌಂಡ್ ಅವರಿಗೇ ಕೊಡೋಕೆ ಸರ್ಕಾರ ಒಪ್ತು, ಒಂದು ಲಕ್ಷಕ್ಕೂ ಹೆಚ್ಚು ಜನರ ಪೆನ್ಶನ್ ಸುಮಾರು ಮೂರನೇ ಒಂದರಷ್ಟು ಏರ್ತು. ನನ್ನ ಹತ್ರ ಬರೋ ಒಬ್ಬರು ಆ ಕಾಗದನ ಮಡಿಸಿ ಕೋಟಿನ ಜೇಬಲ್ಲಿಟ್ಕೊಂಡು ಬಂದು ತೋರಿಸಿದ್ರು, ದುಡ್ಡಿಗಿಂತ ಹೆಚ್ಚಾಗಿ ನಮ್ಮದು ನಮಗೆ ಬಂತು ಅನ್ನೋ ಸಮಾಧಾನ ಅವರಿಗೆ.

ಎಲ್ಬೆ ದಂಡೆ ಕನ್ನಡತಿ:

ಪೆನ್ಶನ್ ಅಂದಾಗ ಇಲ್ಲಿದೂ ಹೇಳಿಬಿಡ್ತೀನಿ. ಪೂರ್ವ ಪಶ್ಚಿಮ ಎರಡಕ್ಕೂ ಪೆನ್ಶನ್ ಲೆಕ್ಕದ ದರ ಒಂದೇ ಆಗಿದ್ದು 2023 ಜುಲೈ 1ಕ್ಕೆ, ದೇಶ ಒಂದಾಗಿ ಮೂವತ್ಮೂರು ವರ್ಷ ತುಂಬೋ ಹೊತ್ತಿಗೆ. ಅದಕ್ಕಿಂತ ಕೆಟ್ಟದ್ದು ಪೂರ್ವದಲ್ಲಿ ವಿಚ್ಛೇದನ ಆಗಿದ್ದ ಹೆಂಗಸರ ಸ್ಥಿತಿ. ಪಶ್ಚಿಮದ ಕಾನೂನಲ್ಲಿ ಗಂಡನ ಪೆನ್ಶನ್ ಹಕ್ಕಲ್ಲಿ ಹೆಂಡತಿಗೆ ಪಾಲು ಬರತ್ತೆ, ಪೂರ್ವದಲ್ಲಿ ಬೇರೆ ನಿಯಮ ಇತ್ತು, ಒಂದಾದಾಗ ಇವರು ಎರಡು ಕಾನೂನಿನ ನಡುವೆ ಬಿದ್ದುಹೋದ್ರು, ಮಕ್ಕಳಿಗೋಸ್ಕರ ಕೆಲಸ ಕಮ್ಮಿ ಮಾಡಿದ ವರ್ಷಗಳಿಗೆ ಪರಿಹಾರನೇ ಇಲ್ಲ. ವಿಶ್ವಸಂಸ್ಥೆಯ ಮಹಿಳಾ ಹಕ್ಕುಗಳ ಸಮಿತಿವರೆಗೂ ಹೋದ್ರು. ಕೊನೆಗೆ ಒಂದು ಕಷ್ಟನಿಧಿ ಮಾಡಿ ಅರ್ಹತೆ ಇದ್ದವರಿಗೆ ಒಂದೇ ಸಲಕ್ಕೆ 2,500 ಯೂರೋ ಕೊಟ್ರು. ನಾನು ಹೇಳಿದ ಆ ಇಂಜಿನಿಯರ್ ಅಮ್ಮನೂ ವಿಚ್ಛೇದನ ಆದವರೇ, ಅವರು ಅರ್ಜಿನೇ ಹಾಕಲಿಲ್ಲ. ಮಗ ಎಷ್ಟು ಹೇಳಿದ್ರೂ, ನಾನು ಭಿಕ್ಷೆ ಕೇಳಿದ್ದಲ್ಲ ನನ್ನ ಪಾಲು ಕೇಳಿದ್ದು ಅಂದ್ರಂತೆ.

ಧಾರವಾಡದ ಮಾಸ್ತರ:

ಆ ತಾಯಿ ಹೇಳಿದ್ದು ಬರೋಬ್ಬರಿ ಐತಿ. ಬೆಂದಕಾಳು ಅವರ, ನೀವು ಇನ್ನೂ ಒಪ್ಪೂದಿಲ್ಲೇನು?

ಬೆಂದಕಾಳು:

ಆ ಹೆಂಗಸರ ವಿಷಯದಲ್ಲಿ ಪೂರ್ತಿ ಒಪ್ತೀನಿ ಮಾಸ್ತರೇ. ಟ್ರಾಯ್‌ಹಾಂಡ್ ವಿಷಯದಲ್ಲಿ ಬೇರೆ ದಾರಿ ಏನಿತ್ತು, 1990ರಲ್ಲಿ ಆ ಫ್ಯಾಕ್ಟರಿಗಳಿಗೆ ಸಂಬಳದ ದುಡ್ಡು ಯಾರು ಎಷ್ಟು ವರ್ಷ ಕೊಡಬೇಕಿತ್ತು ಅನ್ನೋದಕ್ಕೆ ಯಾರಾದ್ರೂ ಲೆಕ್ಕ ಹಾಕಿ ಹೇಳಿದ್ರೆ ಮುಂದೆ ಮಾತಾಡೋಣ.